ಸಿಟ್ಟು ಬಂದ ಮೇಲಿನ 20 ನಿಮಿಷ

ಎಪ್ರಿಲ್ ತಿಂಗಳಲ್ಲಿ ಕಾಸರಗೋಡಿನ ಹಳ್ಳಿಗಳಲ್ಲಿ ಎಲ್ಲರ ಮೂಗಿನ ತುದಿಗೂ ಸಿಟ್ಟು ಬಂದು ಕೂತಿರುತ್ತದೆ. ತೋಡು ಬತ್ತಿರುತ್ತದೆ, ಕಟ್ಟದ ಹಿಂದೆ ನಿಂತ ಚೂರು ನೀರು ಯಾರ ಅಡಿಕೆ ತೋಟಕ್ಕೆ ಎಷ್ಟು ಗಂಟೆ ಎಂಬ ಮಾತು ಏಳುತ್ತದೆ. ರಾತ್ರಿ ಸೆಕೆಗೆ ನಿದ್ದೆ ಹತ್ತುವುದಿಲ್ಲ, ಹತ್ತಿತು ಅನ್ನುವಾಗ ಕರೆಂಟು ಹೋಗುತ್ತದೆ. ಹಗಲಾದರೆ ಮದುವೆ, ಉಪನಯನ, ಕೋಲ ಎಂದು ಓಡಾಟ. ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ಬಸ್ಸು ನಿಂತಲ್ಲೇ ನಿಲ್ಲುತ್ತದೆ. ಯಾವುದೋ ಕಚೇರಿಗೆ ಹೋದರೆ ಕೈಗೆ ಸಿಗುವ ಫಾರಂ ಮಲಯಾಳದಲ್ಲಿರುತ್ತದೆ. ಸೆಕೆ ಏರಿದಂತೆ ಜಗಳ, ಹೊಡೆದಾಟಗಳೂ ಏರುತ್ತವೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿರುವ ನಮ್ಮ ಊರಿಗೆ ಅದು ದೂರದ ಸುದ್ದಿಯಲ್ಲ.

ಸಿಟ್ಟನ್ನು ಹತೋಟಿಯಲ್ಲಿಡು ಎಂದು ಉಪದೇಶ ಮಾಡುವವರು ಮನೆಗೊಬ್ಬರು ಸಿಗುತ್ತಾರೆ. ಹೇಗೆ ಇಡುವುದು ಎಂದು ಹೇಳಿಕೊಡುವವರು ಕಡಿಮೆ. ಹೇಳಿಕೊಡಬೇಕಾದರೆ ಮೊದಲು ಅದು ಏನು, ಮೈಯಲ್ಲಿ ಎಲ್ಲಿ ಹುಟ್ಟುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ಗೊತ್ತಿರಬೇಕು. ಮನಃಶಾಸ್ತ್ರ ಮತ್ತು ವೈದ್ಯಶಾಸ್ತ್ರ ಈ ಬಗ್ಗೆ ಕಳೆದ ನೂರು ವರ್ಷಗಳಲ್ಲಿ ಸಾಕಷ್ಟು ತಿಳಿದುಕೊಂಡಿವೆ. ಅದರಲ್ಲಿ ದಿನದ ಬದುಕಿಗೆ ಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಸಿಟ್ಟು ಬೇರೆ, ಹಗೆ ಬೇರೆ, ಹಿಂಸೆ ಬೇರೆ

ಸಿಟ್ಟು ಒಂದು ಭಾವನೆ. ನನಗೆ ಅನ್ಯಾಯ ಆಯಿತು, ನನ್ನ ದಾರಿಗೆ ಯಾರೋ ಅಡ್ಡ ಬಂದರು, ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಅನ್ನಿಸಿದಾಗ ಅದು ಹುಟ್ಟುತ್ತದೆ. ಬರುತ್ತದೆ, ಹೋಗುತ್ತದೆ. ಹಗೆ ಹಾಗಲ್ಲ, ಅದು ಮನಸ್ಸಿನಲ್ಲಿ ತಳವೂರಿದ ಧೋರಣೆ. ಎದುರಿನವನು ಎಂದಿದ್ದರೂ ಕೆಟ್ಟವನೇ ಎಂಬ ತೀರ್ಮಾನ. ಹಿಂಸೆ ಎಂದರೆ ಕೃತ್ಯ: ಹೊಡೆಯುವುದು, ಬೈಯುವುದು, ಪಾತ್ರೆ ಎಸೆಯುವುದು, ತಿಂಗಳುಗಟ್ಟಲೆ ಮಾತು ಬಿಟ್ಟು ಸತಾಯಿಸುವುದು.

ಈ ಮೂರನ್ನು ಬೇರೆ ಮಾಡಿ ನೋಡದಿದ್ದರೆ ಮುಂದಿನ ಯಾವ ಮಾತೂ ಸರಿಯಾಗಿ ತಲೆಗೆ ಹತ್ತುವುದಿಲ್ಲ. ಸಿಟ್ಟು ಬಂದವರೆಲ್ಲ ಕೈ ಎತ್ತುವುದಿಲ್ಲ. ಸಿಟ್ಟೇ ಇಲ್ಲದೆ, ತಣ್ಣಗೆ ಲೆಕ್ಕ ಹಾಕಿ ಹಿಂಸೆ ಮಾಡುವವರೂ ಇದ್ದಾರೆ. ಸಿಟ್ಟು ಬಂತು ಎಂಬುದಕ್ಕೆ ಯಾರೂ ನಾಚಿಕೆಪಡಬೇಕಾಗಿಲ್ಲ. ಅದು ಹಸಿವು, ಭಯ, ದುಃಖದ ಹಾಗೆ ಹುಟ್ಟಿನಿಂದ ಬಂದದ್ದು.

ಆ ಕ್ಷಣ ಮೈಯೊಳಗೆ ನಡೆಯುವುದು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪಾಲಾದ ಅಣ್ಣ-ತಮ್ಮಂದಿರ ಎರಡು ತೋಟ, ನಡುವೆ ಒಂದೇ ಬೋರ್‌ವೆಲ್, ಒಂದೇ ಪಂಪು. ಒಂದು ದಿನ ಅಣ್ಣನಿಗೆ, ಮರುದಿನ ತಮ್ಮನಿಗೆ ನೀರು. ಬೆಳಿಗ್ಗೆ ಆರೂವರೆಗೆ ತಮ್ಮ ತೋಟಕ್ಕೆ ಇಳಿಯುತ್ತಾನೆ. ಇವತ್ತು ಅವನ ಸರದಿ. ಪಂಪ್ ಶೆಡ್ಡಿನ ಬದಿಯ ಗೇಟ್ ವಾಲ್ವ್ ಅಣ್ಣನ ಕಡೆಗೇ ತಿರುಗಿದೆ. ಆ ಕಡೆ ಸ್ಪ್ರಿಂಕ್ಲರ್ ಟಿಕ್ ಟಿಕ್ ಎನ್ನುತ್ತಾ ತಿರುಗುತ್ತಿದೆ, ಅಡಿಕೆ ಬುಡಗಳು ಒದ್ದೆಯಾಗಿ ಮಿನುಗುತ್ತಿವೆ. ಈ ಕಡೆ ಕಾಲಡಿಯ ತರಗೆಲೆ ಸರಸರ ಎನ್ನುವಷ್ಟು ಒಣಗಿದೆ.

ವಾಲ್ವ್ ಕಣ್ಣಿಗೆ ಬಿದ್ದು ಒಂದು ಸೆಕೆಂಡ್ ಕೂಡ ಆಗಿರುವುದಿಲ್ಲ, ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಂಬ ಸಣ್ಣ ಭಾಗ ಎಚ್ಚೆತ್ತುಕೊಳ್ಳುತ್ತದೆ. ಅಪಾಯ ಇದೆಯೇ ಎಂದು ಸದಾ ಕಾಯುತ್ತಿರುವ ಭಾಗ ಅದು. ಅಲ್ಲಿಂದ ಸೂಚನೆ ಹೈಪೋಥಲಾಮಸ್‌ಗೆ, ಅಲ್ಲಿಂದ ನರಗಳ ಮೂಲಕ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೋಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಡವಗುಟ್ಟುತ್ತದೆ, ರಕ್ತದೊತ್ತಡ ಏರುತ್ತದೆ, ಯಕೃತ್ತು ಸಕ್ಕರೆಯನ್ನು ಬಿಟ್ಟುಕೊಡುತ್ತದೆ, ರಕ್ತ ಕೈಕಾಲಿನ ಸ್ನಾಯುಗಳಿಗೆ ಧಾವಿಸುತ್ತದೆ, ದವಡೆ ಬಿಗಿಯುತ್ತದೆ. ಸ್ವಲ್ಪ ತಡವಾಗಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬಂದು ಈ ಸ್ಥಿತಿಯನ್ನು ಹಿಡಿದು ನಿಲ್ಲಿಸುತ್ತದೆ. ಕಾದು ಗೆಲ್ಲು ಇಲ್ಲವೇ ಓಡಿ ಉಳಿದುಕೊ ಎಂಬ ಈ ಸಿದ್ಧತೆಯನ್ನು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸ್ಪಷ್ಟವಾಗಿ ವಿವರಿಸಿದವರು ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್.

ಭಯಕ್ಕೂ ಸಿಟ್ಟಿಗೂ ದೇಹದ ಆರಂಭ ಹೆಚ್ಚುಕಡಿಮೆ ಒಂದೇ. ಭಯ ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ಸಿಟ್ಟು ಮುಂದಕ್ಕೆ ನೂಕುತ್ತದೆ. ತಮ್ಮನ ಕಾಲು ತನಗೆ ತಿಳಿಯದೆಯೇ ಅಣ್ಣನ ಮನೆಯ ಕಡೆ ಹೆಜ್ಜೆ ಹಾಕಿರುತ್ತದೆ.

ಇನ್ನೊಂದು ಕಡೆ, ಹಣೆಯ ಹಿಂದೆ ಮಿದುಳಿನ ಮುಂಭಾಗ ಇದೆ. ಪ್ರೀಫ್ರಂಟಲ್ ಕಾರ್ಟೆಕ್ಸ್ ಎನ್ನುತ್ತಾರೆ. ಹಿಂದುಮುಂದು ಯೋಚಿಸುವುದು, ಪರಿಣಾಮ ತೂಗುವುದು, ನಾಲಗೆ ಹಿಡಿಯುವುದು ಅದರ ಕೆಲಸ. ಇದು ತಿಳಿದುಬಂದ ದಾರಿಯಲ್ಲಿ ಒಂದು ದುರಂತವೂ ಇದೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಳಿಗಾಗಿ ಬಂಡೆ ಒಡೆಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ತಲೆಯ ಮುಂಭಾಗವನ್ನು ಕಬ್ಬಿಣದ ಸಲಾಕೆ ತೂರಿಕೊಂಡು ಹೋಯಿತು. ಆತ ಬದುಕಿದ. ಆದರೆ ಅದುವರೆಗೆ ಸಮಾಧಾನಿಯಾಗಿದ್ದವ ಒರಟನಾದ, ಕ್ಷಣಕ್ಷಣಕ್ಕೂ ಸಿಡುಕುವವನಾದ ಎಂದು ಅವನಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಬರೆದಿಟ್ಟರು. ಮಿದುಳಿನ ಆ ಭಾಗಕ್ಕೂ ನಡವಳಿಕೆಗೂ ಇರುವ ನಂಟಿನ ಬಗ್ಗೆ ಯೋಚನೆ ಹತ್ತಿದ್ದು ಇಂಥ ಪ್ರಕರಣಗಳಿಂದ.

ಅಮಿಗ್ಡಲ ಎಂದರೆ ಸಿಟ್ಟಿನ ಗುಂಡಿ, ಮುಂಭಾಗ ಎಂದರೆ ಬ್ರೇಕು ಎಂದು ತೀರಾ ಸರಳ ಮಾಡಿಬಿಡುವುದೂ ತಪ್ಪು. ಮಿದುಳಿನ ಹಲವು ಭಾಗಗಳು ಸೇರಿ ಈ ಕೆಲಸ ಮಾಡುತ್ತವೆ. ನಮಗೆ ಬೇಕಾದ ಸಂಗತಿ ಇಷ್ಟು: ಎಚ್ಚರಿಕೆ ಕೊಡುವ ಭಾಗ ಬಹಳ ಬೇಗ ಕೆಲಸ ಮಾಡುತ್ತದೆ, ವಿಚಾರ ಮಾಡುವ ಭಾಗ ನಿಧಾನ. ಒತ್ತಡ ಜೋರಾದಷ್ಟೂ ಆ ನಿಧಾನದ ಭಾಗ ಇನ್ನಷ್ಟು ಸೋಲುತ್ತದೆ.

ಪಂಪು ನಿಂತರೂ ತಿರುಗುವ ಸ್ಪ್ರಿಂಕ್ಲರ್

ಪಂಪಿನ ಸ್ವಿಚ್ ಆಫ್ ಮಾಡಿದ ಕೂಡಲೇ ಸ್ಪ್ರಿಂಕ್ಲರ್ ನಿಲ್ಲುವುದಿಲ್ಲ. ಗುಡ್ಡೆಯ ಮೇಲಿನ ಪೈಪಿನಲ್ಲಿ ಇರುವ ನೀರು ಇಳಿದು ಮುಗಿಯುವವರೆಗೆ ಅದು ತಿರುಗುತ್ತಲೇ ಇರುತ್ತದೆ. ಸಿಟ್ಟೂ ಹಾಗೆಯೇ. ಕಾರಣ ಮುಗಿದರೂ ಮೈ ಇಳಿಯುವುದಿಲ್ಲ. ರಕ್ತಕ್ಕೆ ಸೇರಿದ ಅಡ್ರಿನಲಿನ್ ಕೆಲವು ನಿಮಿಷಗಳಲ್ಲಿ ಕರಗಿಹೋಗಬಹುದು, ಆದರೆ ಎದೆಬಡಿತ, ರಕ್ತದೊತ್ತಡ, ಸ್ನಾಯುಗಳ ಬಿಗಿತ ಮೊದಲಿನ ಮಟ್ಟಕ್ಕೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಗಂಡ ಹೆಂಡಿರ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾಟ್‌ಮನ್, ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಹೋಗುವುದಿಲ್ಲ ಎನ್ನುತ್ತಾರೆ. ಆಗ ಮಾತು ನಿಲ್ಲಿಸಿ ಕನಿಷ್ಠ 20 ನಿಮಿಷ ಬಿಟ್ಟು ಮುಂದುವರಿಸಿ ಎಂಬುದು ಅವರ ಸಲಹೆ. ಎಲ್ಲರಿಗೂ ಸರಿಯಾಗಿ ಇಷ್ಟೇ ಹೊತ್ತು ಎಂದಲ್ಲ. ಕೆಲವರಿಗೆ ಗಂಟೆಯೂ ಬೇಕಾಗಬಹುದು.

ಇನ್ನೂ ಒಂದು ತೊಡಕಿದೆ. ಒಂದು ಸಿಟ್ಟಿನ ಬಿಸಿ ಇಳಿಯುವ ಮೊದಲೇ ಇನ್ನೊಂದು ಕಿರಿಕಿರಿ ಬಂದರೆ ಉಳಿದ ಬಿಸಿ ಅದಕ್ಕೂ ಸೇರಿಕೊಳ್ಳುತ್ತದೆ. ಡಾಲ್ಫ್ ಝಿಲ್‌ಮನ್ ಎಂಬ ವಿಜ್ಞಾನಿ ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. ಆರೂವರೆಗೆ ವಾಲ್ವ್ ನೋಡಿ ಕುದಿದ ತಮ್ಮ ಮನೆಗೆ ಬರುವಾಗ ಹೆಂಡತಿ "ಗ್ಯಾಸ್ ಮುಗಿದಿದೆ, ತರಬೇಕು" ಎಂದಳು. ಅವನು ಹಾರಾಡಿಬಿಟ್ಟ. ಗ್ಯಾಸಿನ ಸಿಟ್ಟು ಎರಡಾಣೆಯದ್ದು, ಉಳಿದ ಹದಿನಾಲ್ಕಾಣೆ ತೋಟದಿಂದ ತಂದದ್ದು. ಹೆಂಡತಿಗೆ ಮಾತ್ರ ಹದಿನಾರಾಣೆಯೂ ತನ್ನ ಮೇಲೇ ಬಿದ್ದಂತೆ ಕಾಣುತ್ತದೆ, ಕಾಣದೆ ಇನ್ನೇನು? ಮನೆಗಳಲ್ಲಿ ಸಣ್ಣ ಮಾತಿಗೆ ದೊಡ್ಡ ರಂಪ ಆದಾಗೆಲ್ಲ ಅದಕ್ಕೆ ಹಿಂದಿನ ಒಂದು ಗಂಟೆಯಲ್ಲಿ ಏನಾಗಿತ್ತು ಎಂದು ನೋಡಿದರೆ ಬಹಳಷ್ಟು ಸಲ ಉತ್ತರ ಅಲ್ಲಿರುತ್ತದೆ.

ಅದೇ ವಾಲ್ವ್, ಬೇರೆ ಸಿಟ್ಟು

ತೋಟದಲ್ಲಿ ನಡೆಯುವಾಗ ತಲೆಯ ಪಕ್ಕ ತೆಂಗಿನಕಾಯಿ ಬಿದ್ದರೆ ಬೆಚ್ಚಿಬೀಳುತ್ತೇವೆ. ಅಷ್ಟೇ ದೊಡ್ಡ ಕಲ್ಲನ್ನು ಬೇಲಿಯಾಚೆಯಿಂದ ಯಾರೋ ಎಸೆದರು ಎಂದಾದರೆ ಸಿಟ್ಟು ನೆತ್ತಿಗೇರುತ್ತದೆ. ಅಪಾಯ ಒಂದೇ. ಎರಡನೆಯದರಲ್ಲಿ ಒಬ್ಬರ ಬೇಕೆಂಬ ಉದ್ದೇಶ ಇದೆ ಎಂದು ನಾವು ತಿಳಿಯುತ್ತೇವೆ, ಅಷ್ಟೇ ವ್ಯತ್ಯಾಸ.

ಅಂದರೆ ಘಟನೆಗೂ ಸಿಟ್ಟಿಗೂ ನಡುವೆ ನಾವು ಮಾಡುವ ಒಂದು ವ್ಯಾಖ್ಯಾನ ಇದೆ. ಬೇಕೆಂದೇ ಮಾಡಿದ. ಯಾವಾಗಲೂ ಹೀಗೇ. ನನ್ನನ್ನು ಏನೆಂದು ತಿಳಿದಿದ್ದಾನೆ? ಈ ಮೂರು ವಾಕ್ಯಗಳು ಸಿಟ್ಟಿನ ಮೂಲದಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಮನಸ್ಸು ಇದನ್ನು ಎಷ್ಟು ಬೇಗ ಹೇಳಿಕೊಳ್ಳುತ್ತದೆ ಎಂದರೆ ಅದು ವ್ಯಾಖ್ಯಾನ ಎಂದೇ ನಮಗೆ ಗೊತ್ತಾಗುವುದಿಲ್ಲ, ಕಣ್ಣಾರೆ ಕಂಡ ಸತ್ಯ ಅನ್ನಿಸುತ್ತದೆ.

ತಮ್ಮನಿಗೆ ಗೊತ್ತಿಲ್ಲದ ವಿಷಯ ಒಂದಿತ್ತು ಎಂದಿಟ್ಟುಕೊಳ್ಳಿ. ನಿನ್ನೆ ಅಣ್ಣನ ಸರದಿಯ ದಿನ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ರಾತ್ರಿ ಎರಡು ಗಂಟೆಗೆ ಬಂದಾಗ ಅಣ್ಣ ಟಾರ್ಚ್ ಹಿಡಿದು ಇಳಿದು ಪಂಪು ಹಾಕಿ, ಬೆಳಿಗ್ಗೆ ತಿರುಗಿಸಿದರಾಯಿತು ಎಂದು ಹೋಗಿ ಮಲಗಿದ, ನಿದ್ದೆ ಹೋದ. ಇದು ಗೊತ್ತಾದರೆ ತಮ್ಮನಿಗೆ ಕಿರಿಕಿರಿ ಉಳಿಯಬಹುದು, ಒಂದು ಫೋನ್ ಮಾಡಬಹುದಿತ್ತಲ್ಲ ಅನ್ನಿಸಬಹುದು. ಕತ್ತಿ ಹಿಡಿಯುವಂಥ ಸಿಟ್ಟು ಉಳಿಯುವುದಿಲ್ಲ. ಇಲ್ಲವೇ ಅಣ್ಣ ನಿಜವಾಗಿಯೂ ಬೇಕೆಂದೇ ಮಾಡಿದ್ದಿರಬಹುದು. ಆಗ ಸಿಟ್ಟಿಗೆ ಕಾರಣ ಇದೆ, ಆದರೆ ಅದನ್ನು ವಿಚಾರಿಸಿ ತಿಳಿಯಬೇಕು. ಬೇರೆ ಏನು ಕಾರಣ ಇರಬಹುದು ಎಂದು ಕೇಳಿಕೊಳ್ಳುವುದು ಎದುರಿನವರನ್ನು ಕ್ಷಮಿಸುವುದಕ್ಕೆ ಸಮವಲ್ಲ. ತೀರ್ಪು ಕೊಡುವ ಮೊದಲು ಸಾಕ್ಷಿ ಕೇಳುವುದು, ಅಷ್ಟೇ. ಈ ಅಭ್ಯಾಸವನ್ನು ಕಲಿಸುವುದೇ ಇವತ್ತಿನ ಸಿಟ್ಟಿನ ಚಿಕಿತ್ಸೆಯ ದೊಡ್ಡ ಭಾಗ. ರೇಮಂಡ್ ನೊವಾಕೊ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1975ರ ಹೊತ್ತಿಗೆ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟರು.

ಹೊಡೆದು ಬಡಿದು ಹೊರಹಾಕಿದರೆ?

ಸಿಟ್ಟನ್ನು ಒಳಗೆ ಇಟ್ಟುಕೊಳ್ಳಬಾರದು, ತಲೆದಿಂಬಿಗಾದರೂ ಹೊಡೆದು ಹೊರಹಾಕಬೇಕು, ಇಲ್ಲದಿದ್ದರೆ ಒಂದು ದಿನ ಸ್ಫೋಟವಾಗುತ್ತದೆ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿಯೆನ್ನಾದ ವೈದ್ಯರಾದ ಬ್ರೂಯರ್ ಮತ್ತು ಫ್ರಾಯ್ಡ್ ಭಾವನೆಗಳ ಬಗ್ಗೆ ಇಂಥ ಕಲ್ಪನೆಗೆ ಬಲ ಕೊಟ್ಟಿದ್ದರು. ಪರೀಕ್ಷೆ ಮಾಡಿ ನೋಡಿದಾಗ ಅದು ನಿಲ್ಲಲಿಲ್ಲ.

2002ರಲ್ಲಿ ಬ್ರಾಡ್ ಬುಷ್‌ಮನ್ ಎಂಬವರು 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮೊದಲು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಅದನ್ನು ಕಟುವಾಗಿ ಹಳಿಯುವ ಟಿಪ್ಪಣಿ ಕೊಟ್ಟು ಅವರಿಗೆ ಸಿಟ್ಟು ಬರಿಸಲಾಯಿತು. ಒಂದು ಗುಂಪು ಹಳಿದವನನ್ನು ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಿತು. ಇನ್ನೊಂದು ಗುಂಪು ವ್ಯಾಯಾಮ ಎಂದುಕೊಂಡು ಗುದ್ದಿತು. ಮೂರನೆಯದು ಎರಡು ನಿಮಿಷ ಸುಮ್ಮನೆ ಕೂತಿತು. ಅತಿ ಹೆಚ್ಚು ಸಿಟ್ಟು ಉಳಿದದ್ದು ಹಳಿದವನನ್ನು ನೆನೆದು ಗುದ್ದಿದವರಲ್ಲಿ. ಸುಮ್ಮನೆ ಕೂತವರಲ್ಲಿ ಎಲ್ಲರಿಗಿಂತ ಕಡಿಮೆ.

2024ರಲ್ಲಿ ಅವರೇ ಸಹೋದ್ಯೋಗಿಯೊಬ್ಬರ ಜೊತೆ ಸೇರಿ, 10,000ಕ್ಕೂ ಹೆಚ್ಚು ಜನರ ಮೇಲೆ ನಡೆದಿದ್ದ 154 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಮೈಯ ಬಿಸಿಯನ್ನು ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರಾಟ, ಧ್ಯಾನ, ಯೋಗ, ಸ್ನಾಯುಗಳನ್ನು ಸಡಿಲ ಬಿಡುವುದು, ಸಿಟ್ಟನ್ನು ಇಳಿಸುತ್ತವೆ. ಮೈ ಬಿಸಿ ಮಾಡುವ ಕೆಲಸಗಳಿಂದ ಒಟ್ಟಾರೆ ಅಂಥ ಪ್ರಯೋಜನ ಕಾಣಲಿಲ್ಲ. ಓಟದಿಂದಂತೂ ಸಿಟ್ಟು ಹೆಚ್ಚಿದ್ದೇ ಕಂಡಿತು. ಓಡುವುದು ಹೃದಯಕ್ಕೆ ಒಳ್ಳೆಯದು, ದಿನಾ ಓಡಿ. ಸಿಟ್ಟು ಬಂದ ಗಳಿಗೆಗೆ ಅದು ಮದ್ದಲ್ಲ. ಬೈಕ್ ಹತ್ತಿ ಜೋರಾಗಿ ಒಂದು ಸುತ್ತು ಹೋಗಿ ಬರುವುದಂತೂ ಎಲ್ಲಕ್ಕಿಂತ ಕೆಟ್ಟ ಯೋಚನೆ.

ಹಾಗೆಂದು ನುಂಗಿಕೊಂಡು ಮುಖದಲ್ಲಿ ನಗು ತಂದುಕೊಳ್ಳುವುದೂ ಹತೋಟಿಯಲ್ಲ. ಮುಖದಲ್ಲಿ ತೋರಿಸದಿದ್ದರೂ ದೇಹದ ಒಳಗಿನ ಒತ್ತಡ ಇಳಿಯುವುದಿಲ್ಲ ಎಂದು ಮನಃಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಮುಂತಾದವರ ಪ್ರಯೋಗಗಳು ತೋರಿಸಿವೆ. ನಮ್ಮ ಮನೆಗಳಲ್ಲಿ ಹೆಂಗಸರ ಪಾಲಿಗೆ ಹೆಚ್ಚಾಗಿ ಬರುವುದು ಈ ನುಂಗುವ ಕೆಲಸವೇ. ಅವಳು ಬಹಳ ತಾಳ್ಮೆಯವಳು ಎಂದು ಹೊಗಳಿ ಮುಗಿಸಿಬಿಡುತ್ತೇವೆ, ಅವಳಿಗೆ ಯಾಕೆ ತಲೆನೋವು ಬಿಡುವುದಿಲ್ಲ ಎಂದು ಯಾರೂ ಕೇಳುವುದಿಲ್ಲ.

ಆ ಹೊತ್ತಿಗೆ ಮಾಡಬೇಕಾದ್ದು

ಮೊದಲ ಕೆಲಸ, ಸಿಟ್ಟು ಏರುತ್ತಿದೆ ಎಂದು ಬೇಗ ಗುರುತಿಸುವುದು. ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರಿಗೆ ಹಲ್ಲು ಕಚ್ಚಿಬರುತ್ತದೆ, ಕೆಲವರಿಗೆ ಸ್ವರ ಏರಿ ಮಾತು ಚುರುಕಾಗುತ್ತದೆ. ನಮಗೆ ಯಾವುದು ಎಂದು ತಿಳಿಯದಿದ್ದರೆ ಮನೆಯವರನ್ನು ಕೇಳಿದರೆ ಸಾಕು, ಅವರಿಗೆ ಗೊತ್ತಿರುತ್ತದೆ.

ಆಮೇಲೆ ಉಸಿರು. ಎದೆಬಡಿತವನ್ನು ನೇರವಾಗಿ ಇಳಿಸಲು ನಮ್ಮಿಂದ ಆಗುವುದಿಲ್ಲ, ಉಸಿರಿನ ಮೂಲಕ ಆಗುತ್ತದೆ. ಉಸಿರು ಒಳಗೆ ಎಳೆಯುವಾಗ ಹೃದಯ ಸ್ವಲ್ಪ ಬೇಗ, ಹೊರಗೆ ಬಿಡುವಾಗ ಸ್ವಲ್ಪ ನಿಧಾನ ಬಡಿಯುತ್ತದೆ. ವೇಗಸ್ ಎಂಬ ನರದ ಕೆಲಸ ಅದು. ಹಾಗಾಗಿ ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದ ಇರಬೇಕು: ನಾಲ್ಕು ಎಣಿಸುತ್ತಾ ಮೂಗಿನಿಂದ ಎಳೆದು, ಆರು ಎಣಿಸುತ್ತಾ ಬಿಡಿ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಎರಡು ಮೂರು ನಿಮಿಷ ಮಾಡುವಾಗ ಭುಜ ತಾನಾಗಿ ಕೆಳಗಿಳಿಯುವುದು ಗೊತ್ತಾಗುತ್ತದೆ. ಸಿಟ್ಟು ಇಲ್ಲದ ದಿನಗಳಲ್ಲೇ ಇದನ್ನು ಅಭ್ಯಾಸ ಮಾಡಬೇಕು. ಹೊಳೆಗೆ ಬಿದ್ದ ಮೇಲೆ ಈಜು ಕಲಿಯಲು ಆಗುವುದಿಲ್ಲ.

ಜಾಗ ಬಿಡುವುದು ಇನ್ನೊಂದು. ಇದನ್ನು ಸರಿಯಾಗಿ ಮಾಡದಿದ್ದರೆ ಜಗಳ ದೊಡ್ಡದಾಗುತ್ತದೆ. ಬಾಗಿಲು ಬಡಿದು ಹೋದರೆ ಉಳಿದವರಿಗೆ ಅದು ಅವಮಾನ. "ನನಗೆ ಈಗ ಸಿಟ್ಟು ಬಂದಿದೆ, ಏನಾದರೂ ಹೇಳಿಬಿಟ್ಟೇನು. ಊಟ ಆದ ಮೇಲೆ ಕೂತು ಮಾತಾಡುವ" ಎಂದು ಹೇಳಿ ಹೊರಡಬೇಕು. ಹೇಳಿದ ಹೊತ್ತಿಗೆ ಬಂದು ಕೂರಲೂ ಬೇಕು; ಇಲ್ಲದಿದ್ದರೆ ಮುಂದಿನ ಸಲ ಆ ಮಾತಿಗೆ ಬೆಲೆ ಇರುವುದಿಲ್ಲ. ಸಿಟ್ಟು ಬಂದಿದೆ ಎಂದು ಬಾಯಿಬಿಟ್ಟು ಹೇಳುವುದರಲ್ಲೇ ಒಂದು ಗುಣ ಇದೆ. ಭಾವನೆಗೆ ಹೆಸರಿಟ್ಟಾಗ ಅಮಿಗ್ಡಲದ ಚಟುವಟಿಕೆ ಇಳಿಯುವುದನ್ನು ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡರು.

ಈ 20 ನಿಮಿಷ ಏನು ಮಾಡುತ್ತೇವೆ ಎಂಬುದು ಮುಖ್ಯ. ಅಂಗಳದ ಮೂಲೆಯಲ್ಲಿ ಕೂತು, ಅವನು ಹಾಗೆಂದ, ನಾನು ಹೀಗನ್ನಬೇಕಿತ್ತು ಎಂದು ಮತ್ತೆ ಮತ್ತೆ ಮೆಲುಕು ಹಾಕಿದರೆ ಮೈ ಇಳಿಯುವುದೇ ಇಲ್ಲ, ಪ್ರತಿ ಮೆಲುಕಿಗೂ ಮಿದುಳು ಜಗಳ ಈಗಷ್ಟೇ ನಡೆದಂತೆ ಸ್ಪಂದಿಸುತ್ತದೆ. ಅಡಿಕೆ ಸುಲಿಯಿರಿ, ದನಕ್ಕೆ ಹುಲ್ಲು ಹಾಕಿ, ಮಲ್ಲಿಗೆ ಗಿಡಕ್ಕೆ ನೀರು ಬಿಡಿ. ಕೈಗೆ ಕೆಲಸ ಇರಲಿ, ಅವಸರ ಇಲ್ಲದ ಕೆಲಸವಾಗಿರಲಿ. ಮೊಬೈಲನ್ನು ಮಾತ್ರ ದೂರ ಇಡಿ. ಹಿಂದೆ ಸಿಟ್ಟಿನಲ್ಲಿ ಪತ್ರ ಬರೆದರೂ ಅಂಚೆಪೆಟ್ಟಿಗೆವರೆಗೆ ನಡೆಯುವಾಗ ಮನಸ್ಸು ಬದಲಾಗುತ್ತಿತ್ತು. ಈಗ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ ಒಂದು ವಾಯ್ಸ್ ಮೆಸೇಜು, ಡಿಲೀಟ್ ಮಾಡುವಷ್ಟರಲ್ಲಿ ಮುಂಬಯಿಯ ಮಾವನಿಗೂ ದುಬೈಯ ಭಾವನಿಗೂ ಕೇಳಿ ಆಗಿರುತ್ತದೆ.

ಮೈ ಇಳಿದ ಮೇಲೆ ಮಾತು ಆಗಲೇಬೇಕು. ತಮ್ಮ ಹೀಗೆ ಕೇಳಬಹುದು: "ಅಣ್ಣ, ಇವತ್ತು ನನ್ನ ಸರದಿ. ಬೆಳಿಗ್ಗೆ ನೋಡುವಾಗ ವಾಲ್ವ್ ನಿನ್ನ ಕಡೆಗೇ ಇತ್ತು. ನನಗೆ ಬೇಜಾರಾಯಿತು. ಏನಾಯಿತು?" ಇದರಲ್ಲಿ ಕಂಡದ್ದು ಇದೆ, ಅನ್ನಿಸಿದ್ದು ಇದೆ, ಪ್ರಶ್ನೆ ಇದೆ. "ನೀನು ಯಾವಾಗಲೂ ಹೀಗೇ, ಅಪ್ಪ ಇರುವಾಗಲೂ ಹೀಗೇ" ಎಂದರೆ ಇಪ್ಪತ್ತು ವರ್ಷದ ಹಳೆ ಕಡತ ತೆರೆದುಕೊಳ್ಳುತ್ತದೆ, ನೀರಿನ ವಿಷಯ ಅಲ್ಲಿಗೇ ಮುಳುಗುತ್ತದೆ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಕಾಯಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸತಲ್ಲ. ಎದುರಿನ ಅರ್ಥಧಾರಿ ಎಷ್ಟೇ ಚುಚ್ಚಿ ಮಾತಾಡಲಿ, ಅವನ ಮಾತು ಪೂರ್ತಿ ಕೇಳಿಸಿಕೊಂಡವನಿಗಷ್ಟೇ ಸರಿಯಾದ ಉತ್ತರ ಕೊಡಲು ಆಗುತ್ತದೆ.

ಕೊನೆಗೆ ಸರದಿ ತಪ್ಪಿದರೆ ಏನು ಮಾಡುವುದು ಎಂಬ ನಿಯಮ ಆಗಬೇಕು. ಕರೆಂಟು ಹೋದ ದಿನದ ಲೆಕ್ಕ ಹೇಗೆ, ಯಾರು ಯಾರಿಗೆ ಫೋನ್ ಮಾಡುವುದು. ಸಿಟ್ಟಿನ ಹಿಂದೆ ನಿಜವಾದ ಸಮಸ್ಯೆ ಇದ್ದರೆ ಉಸಿರಾಟ ಎಷ್ಟು ಮಾಡಿದರೂ ಅದು ನಾಳೆ ಬೆಳಿಗ್ಗೆ ಆರೂವರೆಗೆ ಮತ್ತೆ ಹಾಜರು.

ಕಾರಣ ಮೈಯಲ್ಲೇ ಇದ್ದಾಗ

ಇದ್ದಕ್ಕಿದ್ದ ಹಾಗೆ ಒಬ್ಬರ ಸ್ವಭಾವ ಬದಲಾಗಿ ಸಿಡುಕರಾದರೆ ಗ್ರಹಚಾರ ಎನ್ನುವ ಮೊದಲು ಡಾಕ್ಟರರನ್ನು ಕಾಣಬೇಕು. ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಕಿರಿಕಿರಿ, ನಡುಕ, ಎದೆಬಡಿತ ಬರುತ್ತದೆ. ಖಿನ್ನತೆ ಎಂದರೆ ಅಳುತ್ತಾ ಕೂರುವುದು ಎಂದೇ ನಾವು ತಿಳಿದಿದ್ದೇವೆ, ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಿನ ರೂಪದಲ್ಲಿ ಕಾಣಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಹಾರ್ಮೋನಿನ ಏರಿಳಿತ, ತಲೆಗೆ ಬಿದ್ದ ಪೆಟ್ಟು, ವಯಸ್ಸಾದವರ ಮರೆವಿನ ಕಾಯಿಲೆ, ಸ್ಟೀರಾಯ್ಡ್ ಔಷಧಗಳು, ಬಿಡದ ನೋವು, ನಿದ್ದೆಗೇಡು, ಯಾವುದೂ ಆಗಬಹುದು.

ಒಂದನ್ನು ಎಲ್ಲರೂ ತಿಳಿದಿರಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಊಟ ತಡವಾದಾಗ ಬೆವರುತ್ತಾ, ಕೈ ನಡುಗಿಸುತ್ತಾ, ಕಾರಣವಿಲ್ಲದೆ ರೇಗಲು ತೊಡಗಿದರೆ ರಕ್ತದ ಸಕ್ಕರೆ ಕುಸಿದಿರಬಹುದು. 70ಕ್ಕಿಂತ ಕೆಳಗಿಳಿದರೆ ಅಪಾಯದ ಸೂಚನೆ. ಆಗ ವಾದಕ್ಕೆ ನಿಲ್ಲದೆ, ಪ್ರಜ್ಞೆ ಇರುವಾಗಲೇ ಸಕ್ಕರೆ ನೀರು ಕುಡಿಸಬೇಕು.

ಮದ್ಯದ ಬಗ್ಗೆ ಹೆಚ್ಚು ಹೇಳುವ ಅಗತ್ಯ ಇಲ್ಲ. ಸಿಟ್ಟು ಇಳಿಯಲೆಂದು ಕುಡಿಯುವವರು ಸಿಟ್ಟನ್ನು ಹಿಡಿದಿಡುವ ಮಿದುಳಿನ ಭಾಗವನ್ನೇ ಮಂಕು ಮಾಡುತ್ತಾರೆ.

ಹೃದಯದ ಮಾತು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೃದಯಾಘಾತವಾದ 1,600ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದಾಗ, ಜೋರಾಗಿ ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು. 2024ರ ಇನ್ನೊಂದರಲ್ಲಿ, ಆರೋಗ್ಯವಂತರು ಹಿಂದೆ ಸಿಟ್ಟು ಬರಿಸಿದ ಘಟನೆಯನ್ನು 8 ನಿಮಿಷ ನೆನೆದದ್ದಕ್ಕೇ ರಕ್ತನಾಳಗಳು ಹಿಗ್ಗುವ ಶಕ್ತಿ ಸುಮಾರು 40 ನಿಮಿಷದವರೆಗೆ ಕುಂದಿತ್ತು. ಒಂದು ಸಲದ ಸಿಟ್ಟಿನಿಂದ ಆರೋಗ್ಯವಂತರಿಗೆ ಅಪಾಯ ಬಹಳ ಕಡಿಮೆ. ಬಿಪಿ, ಹೃದ್ರೋಗ ಇರುವವರು ಮಾತ್ರ ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

"ಕೈ ಮೀರಿ ಹೋಯಿತು" ಎಂಬ ಮಾತು

ಹೆಂಡತಿಗೆ, ಮಕ್ಕಳಿಗೆ ಹೊಡೆದವರು ಆಮೇಲೆ ಹೇಳುವ ಮಾತು ಇದು. ಅದೇ ಮನುಷ್ಯ ಅದೇ ದಿನ ಧಣಿಯ ಎದುರು, ಪೊಲೀಸರ ಎದುರು, ಬ್ಯಾಂಕ್ ಮ್ಯಾನೇಜರನ ಎದುರು ಅಷ್ಟೇ ಸಿಟ್ಟು ಬಂದರೂ ಕೈ ಕಟ್ಟಿ ನಿಂತಿರುತ್ತಾನೆ. ಹಿಡಿದುಕೊಳ್ಳಲು ಅವನಿಗೆ ಬರುತ್ತದೆ. ಯಾರ ಎದುರು ಹಿಡಿದುಕೊಳ್ಳಬೇಕಾಗಿಲ್ಲ ಎಂಬುದನ್ನೂ ಅವನು ಕಲಿತಿದ್ದಾನೆ. ಇದನ್ನು ಸಿಟ್ಟಿನ ಸಮಸ್ಯೆ ಎಂದು ಕರೆದರೆ ಅರ್ಧ ಸತ್ಯವಷ್ಟೇ ಹೇಳಿದಂತೆ. ಹೊಡೆತ ತಿನ್ನುವವರು ಸಿಟ್ಟು ಬರಿಸದ ಹಾಗೆ ನಡೆದುಕೊಳ್ಳಬೇಕು ಎಂಬ ಸಲಹೆ ತಪ್ಪು ಮಾತ್ರವಲ್ಲ, ಅಪಾಯಕಾರಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾನೂನು ಇದೆ, ಸಹಾಯವಾಣಿ 181 ಇದೆ.

ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. 1961ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ ಮಾಡಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಪುಟ್ಟ ಮಕ್ಕಳು ತಮಗೆ ಅವಕಾಶ ಸಿಕ್ಕಾಗ ಅದೇ ರೀತಿ, ಅದೇ ಮಾತಾಡುತ್ತಾ ಹೊಡೆದರು. ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯದ ನಡುವಿಗೆ. ಹಟ ಹಿಡಿದ ನಾಲ್ಕು ವರ್ಷದ ಮಗುವಿಗೆ ಬುದ್ಧಿ ಹೇಳುವ ಮೊದಲು ಅದು ತಣಿಯುವವರೆಗೆ ಪಕ್ಕದಲ್ಲಿ ಕೂರಬೇಕು, ಕೂರುವವರು ಮೊದಲು ತಾವು ತಣಿದಿರಬೇಕು.

ಆರಿಸಬಾರದ ಸಿಟ್ಟು

ಎಲ್ಲ ಸಿಟ್ಟನ್ನೂ ಇಳಿಸಿಬಿಟ್ಟರೆ ಅನ್ಯಾಯ ಮಾಡುವವರಿಗೆ ಅನುಕೂಲ. ಈ ಜಿಲ್ಲೆಯವರಿಗೆ ಅದು ಚೆನ್ನಾಗಿ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಅಸಹಜ ಇದೆ ಎಂದು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಇದೇ ಜಿಲ್ಲೆಯ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು. ಹಣಕ್ಕಾಗಿ, ಚಿಕಿತ್ಸೆಗಾಗಿ ಅಮ್ಮಂದಿರು ಆಮೇಲೂ ಬೀದಿಗಿಳಿಯಬೇಕಾಯಿತು.

ಇಷ್ಟು ವರ್ಷ ಬಿಡದೆ ಹಿಡಿಯಬೇಕಾದರೆ ಒಳಗೆ ಸಿಟ್ಟು ಇರಲೇಬೇಕು. ಆ ಸಿಟ್ಟು ದಾಖಲೆ ಸಂಗ್ರಹಿಸುವ, ಅರ್ಜಿ ಬರೆಯುವ, ಧರಣಿ ಕೂರುವ ಕೆಲಸವಾಗಿ ಬದಲಾದದ್ದರಿಂದ ಉಳಿಯಿತು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಪಾಲಕರಿಗೆ ಬರುವ ಸಿಟ್ಟೂ ಇದೇ ಜಾತಿಯದು. ಕೌಂಟರಿನ ಹಿಂದೆ ಕೂತ ಗುಮಾಸ್ತನ ಮೇಲೆ ಹಾರಾಡಿದರೆ ಅದು ಅಲ್ಲೇ ಮುಗಿಯುತ್ತದೆ. ಅವನ ಕೈಯಲ್ಲಿ ಏನೂ ಇರುವುದಿಲ್ಲ. ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದು, ಹತ್ತು ಜನ ಸೇರಿ ಹಿಂದೆ ಬಿದ್ದರೆ ಮುಂದೆ ಹೋಗುತ್ತದೆ.

ಯಾರ ಹತ್ತಿರ ಹೋಗುವುದು

ಸಿಟ್ಟು ಕಾಯಿಲೆಯಲ್ಲ, ಅದಕ್ಕೆಂದೇ ಒಂದು ಮಾತ್ರೆಯೂ ಇಲ್ಲ. ಆದರೆ ಸಿಟ್ಟಿನ ನಂತರ ಪ್ರತಿ ಸಲ ಪಶ್ಚಾತ್ತಾಪ ಆಗುತ್ತಿದ್ದರೆ, ಮನೆಯವರು ಹೆದರಿ ಮಾತಾಡುತ್ತಿದ್ದರೆ, ಸಾಮಾನು ಒಡೆದಿದ್ದರೆ, ಕೈ ಎತ್ತಿದ್ದರೆ, ತನಗೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸುತ್ತಿದ್ದರೆ ನೆರವು ಬೇಕು. ಮಾತಿನ ಚಿಕಿತ್ಸೆಯಲ್ಲಿ ಹಲವು ವಾರಗಳ ಕಾಲ ಸಿಟ್ಟಿನ ಸಂದರ್ಭ, ಆಗ ಮನಸ್ಸು ಹೇಳಿದ ವಾಕ್ಯ, ಮಾಡಿದ ಕೆಲಸ ಇವನ್ನು ಬರೆದಿಟ್ಟು ಒಂದೊಂದಾಗಿ ಬಿಡಿಸುತ್ತಾರೆ. ಖಿನ್ನತೆಯೋ ಥೈರಾಯ್ಡೋ ಹಿಂದಿದ್ದರೆ ಅದಕ್ಕೆ ಔಷಧ ಕೊಡುತ್ತಾರೆ.

ಇಂಥ ಚಿಕಿತ್ಸೆ ನಮ್ಮ ಮಾತಿನಲ್ಲೇ ನಡೆದರೆ ಒಳ್ಳೆಯದು. ಮನಸ್ಸಿನ ಒಳಗಿನದ್ದನ್ನು ಅರೆಬರೆ ಬರುವ ಭಾಷೆಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಅನೇಕರು ಮಂಗಳೂರಿಗೆ ಹೋಗುತ್ತಾರೆ. ಕೇರಳದ 14 ಜಿಲ್ಲೆಗಳಲ್ಲೂ ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದರ ಕ್ಲಿನಿಕ್ ಹತ್ತಿರದಲ್ಲಿ ಎಲ್ಲಿ, ಯಾವ ದಿನ, ಕನ್ನಡ ಬಲ್ಲವರು ಇರುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು. ಹೋಗುವಾಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಹಿಡಿದುಕೊಂಡು, ಸಾಧ್ಯವಾದರೆ ಮನೆಯ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸಿಟ್ಟು ಬಂದವರಿಗೆ ನೆನಪಿಲ್ಲದ್ದು ಅವರಿಗೆ ನೆನಪಿರುತ್ತದೆ. ಹೋಗಲು ಸಂಕೋಚವಾದರೆ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416. ಭಾಷೆ ಆರಿಸಿಕೊಳ್ಳುವ ಅವಕಾಶ ಇದೆ, ಅದರಲ್ಲಿ ಕನ್ನಡವೂ ಇದೆ. ದುಡ್ಡು ಕೊಡಬೇಕಾಗಿಲ್ಲ, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುತ್ತಾರೆ.